ಬೇರೆ ಗುಂಪು

"ಬಾಯಲ್ಲ ಅಜ್ಜಿ, ಮೂಗು."

ಮುದುಕಿ ಬಾಯಿ ಮುಚ್ಚಲಿಲ್ಲ. ಹಲ್ಲಿನ ಡಾಕ್ಟರ ಮುಂದೆ ಕೂತವಳ ಹಾಗೆ ಕಣ್ಣು ಬಿಗಿದು, ಬಾಯಿ ಆದಷ್ಟೂ ಅಗಲಿಸಿ, ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದಿದ್ದಳು. ನೀಲಿ ಗೌನಿನ ನರ್ಸು ಹತ್ತಿ ಸುತ್ತಿದ ಕಡ್ಡಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಈಕೆಯ ಕಡೆಯವರು ಯಾರಪ್ಪಾ ಎನ್ನುವಂತೆ ಸಾಲಿನ ಕಡೆ ತಿರುಗಿದಳು.

ಸೂನ್ ಹಿನ್ ಮುಂದೆ ಬಂದ.

"ಚಿಕ್ಕಮ್ಮ, ಬಾಯಿ ಮುಚ್ಚು. ಮೂಗಿಗಂತೆ."

"ಮೂಗಿಗೇನಾಗಿದೆ? ಎಂಬತ್ತು ವರ್ಷದಿಂದ ನೆಟ್ಟಗೆ ಉಸಿರಾಡ್ತಾ ಇದೆ."

"ಹಡಗಿನವರು ಕೇಳ್ತಾರೆ."

"ಹಡಗಿನವರಿಗೆ ನನ್ನ ಮೂಗು ಕಟ್ಕೊಂಡು ಏನಾಗಬೇಕೋ? ಟಿಕೆಟ್ ತಗೊಂಡಿಲ್ವಾ ನೀನು?"

ಸಾಲಿನಲ್ಲಿ ಯಾರೋ ನಕ್ಕರು. ಸೂನ್ ಹಿನ್ ನಗಲಿಲ್ಲ. ತನ್ನ ಎಂಬತ್ತನೇ ಹುಟ್ಟುಹಬ್ಬದ ಮುಂಚೆ ಡಾಕ್ಟರ ಮುಖ ನೋಡಬಾರದು, ರೋಗದ ಹೆಸರು ಎತ್ತಬಾರದು ಎಂದು ಮುದುಕಿ ವಾರದಿಂದ ಹಟ ಹಿಡಿದಿದ್ದಳು. ಇದು ಪರೀಕ್ಷೆಯಲ್ಲ, ಟಿಕೆಟ್ ತೋರಿಸುವ ಜಾಗ ಅಷ್ಟೇ ಎಂದು ಹೇಳಿ ಕರೆತಂದಿದ್ದ. ಸುಳ್ಳು ಹೇಳಿದ್ದಕ್ಕಲ್ಲ, ಸುಳ್ಳು ಇಷ್ಟು ಬೇಗ ಬಯಲಾದದ್ದಕ್ಕೆ ಅವನ ಕಿವಿ ಬಿಸಿಯಾಯಿತು.

ಕಡ್ಡಿ ಮೂಗಿನೊಳಗೆ ಹೋಯಿತು. ಮುದುಕಿ ಪಾದಗಳನ್ನು ನೆಲಕ್ಕೆ ಒದ್ದಳು. ಕಣ್ಣಲ್ಲಿ ನೀರು ಬಂತು.

"ಮುಗೀತು ಅಜ್ಜಿ. ಜಾಣೆ."

"ಮುಗೀತಾ? ನೀನು ಮದುವೆಯಾದ ಮೇಲೆ ನಿನ್ನ ಅತ್ತೆಗೂ ಹೀಗೇ ಮಾಡು, ಸರಿಹೋಗ್ತಾಳೆ."

ಈಗ ಸಾಲಿಗೆ ಸಾಲೇ ನಕ್ಕಿತು.

ಬಂದರಿನ ಪಕ್ಕದ ಹಳೇ ಗೋದಾಮು ಅದು. ಎರಡು ವರ್ಷ ಮುಚ್ಚಿದ್ದ ಗಡಿಗಳು ತೆರೆದ ಮೇಲೆ ಒಂದು ಕ್ಲಿನಿಕ್ಕಿನವರು ಬಾಡಿಗೆಗೆ ಹಿಡಿದು, ಪ್ಲಾಸ್ಟಿಕ್ ಪರದೆಗಳನ್ನು ಇಳಿಬಿಟ್ಟು, ಹಡಗು ಹತ್ತುವವರ ಮೂಗು ನೋಡುವ ಅಂಗಡಿ ತೆರೆದಿದ್ದರು. ಮಲೇಷ್ಯಾದ ಪಿನಾಂಗಿನಿಂದ ಸಂಜೆ ಹೊರಟ ಹಡಗು ಮರುದಿನ ಥಾಯ್ಲೆಂಡಿನ ಪುಕೆಟ್ ಮುಟ್ಟುತ್ತದೆ. ಬೇರೆ ದೇಶ, ಬೇರೆ ರೂಲು. ಪರೀಕ್ಷೆ ಇದೇ ದಿನ ಆಗಬೇಕು, ಇಲ್ಲೇ ಆಗಬೇಕು. ಇದನ್ನೆಲ್ಲ ಓದಿ, ತಿಳಿದು, ಹೊತ್ತು ಗೊತ್ತುಮಾಡಿಕೊಂಡವನು ಸೂನ್ ಹಿನ್. ಮನೆಯಲ್ಲಿ ಇಂಥ ಕೆಲಸಗಳೆಲ್ಲ ಅವನ ಪಾಲಿನವು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಾನೆ, ಆದ್ದರಿಂದ ಇವನಿಗೆ ತಪ್ಪಾಗುವುದಿಲ್ಲ ಎಂದು ಎಲ್ಲರ ನಂಬಿಕೆ.

ಕಂಪ್ಯೂಟರಿನ ಮುಂದೆ ಕೂತ ರೊಸ್ನಾನಿ ಎಂಬ ಹುಡುಗಿ ತಲೆವಸ್ತ್ರದ ಅಂಚು ಸರಿಮಾಡಿಕೊಂಡು ಅವನನ್ನು ನೋಡಿದಳು. ಮಲಯ್ ಹುಡುಗಿಯಾದರೂ ಪಿನಾಂಗಿನ ಸಂತೆಯಲ್ಲಿ ಬೆಳೆದವಳು. ಇವರ ಹೊಕ್ಕಿಯೆನ್ ಎಂಬ ಚೀನೀ ಮಾತು ಅವಳಿಗೆ ಮನೆಮಾತಿನಷ್ಟೇ ಸಲೀಸು.

"ಗಂಡ, ಹೆಂಡತಿ, ಮಗಳು. ನೀವು ಮೂವರು ಒಂದು ಗುಂಪು ಸರ್. ಹೆತ್ತವರಿದ್ರೆ ಅವರೂ ಅದೇ ಗುಂಪು. ಗುಂಪಲ್ಲಿ ಒಬ್ಬರಿಗೆ ಬಂದ್ರೂ ಎಲ್ಲರೂ ಇಳೀಬೇಕು. ಈ ಅಜ್ಜಿ ನಿಮ್ಮ ಚಿಕ್ಕಮ್ಮ ಅಲ್ವಾ?"

"ಹೂಂ."

"ಹಾಗಿದ್ರೆ ಬೇರೆ ಗುಂಪು."

ಅವಳ ಬೆರಳು ಆಡಿತು. ಸೂನ್ ಹಿನ್‌ಗೆ ಏನೋ ಹೇಳಬೇಕೆನಿಸಿತು. ಹಿಂದೆ ಒಬ್ಬಾತ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ. ಹೇಳಿದರೆ ಹುಟ್ಟಿದ ದಿನದಿಂದ ಹೇಳಬೇಕು. ಅವನು ಪಕ್ಕಕ್ಕೆ ಸರಿದ.

ಆ ಮುದುಕಿ, ಗೇಕ್ ನಿಯೋ, ಅವನ ಹೆತ್ತ ತಾಯಿ. ಅವನಿಗೆ ನೂರು ದಿನ ತುಂಬಿದಾಗ ದೇವಸ್ಥಾನದ ಜೋಯಿಸ ಹುಟ್ಟಿದ ಗಳಿಗೆ ನೋಡಿ, ಈ ಹುಡುಗ ತಾಯಿಗೆ ಆಗಿಬರೋಲ್ಲ, ಇವನ ಬಾಯಿಂದ ಅಮ್ಮ ಅನ್ನುವ ಮಾತು ಬರಲೇಕೂಡದು ಅಂದ. ಬಂದರೆ ಇಬ್ಬರಲ್ಲಿ ಒಬ್ಬರು ಉಳಿಯೋಲ್ಲ. ಆ ಊರಲ್ಲಿ ಇದು ಹೊಸದೇನಲ್ಲ. ಅಪ್ಪನನ್ನು ಮಾವ ಅನ್ನುವ, ಅಮ್ಮನನ್ನು ಅತ್ತಿಗೆ ಅನ್ನುವ ಮಕ್ಕಳು ಬೀದಿಗೊಬ್ಬರಿದ್ದರು. ಇವನಿಗೆ ಸಿಕ್ಕಿದ್ದು ಚಿಕ್ಕಮ್ಮ. ತಂಗಿ ಸ್ಯೂ ಯೆನ್ ಹುಟ್ಟಿ, ಗಳಿಗೆ ಸರಿಯಾಗಿದ್ದರಿಂದ, ಹಗಲೆಲ್ಲ ಅಮ್ಮ ಅಮ್ಮ ಎಂದು ಕೂಗುತ್ತ ಮನೆ ತುಂಬ ಓಡಾಡಿದಳು. ಪುಕೆಟ್‌ಗೆ ಮದುವೆಯಾಗಿ ಹೋದ ತಾಯಿಯ ಅಕ್ಕನನ್ನು ಇವನು ದೊಡ್ಡಮ್ಮ ಅಂದ. ದೊಡ್ಡಮ್ಮ ಇದ್ದಳು, ಚಿಕ್ಕಮ್ಮ ಇದ್ದಳು. ನಡುವಿನ ಜಾಗ ಖಾಲಿ.

ಒಮ್ಮೆ, ಹತ್ತು ವರ್ಷದವನಿದ್ದಾಗ, ಬಚ್ಚಲಮನೆಯ ನಲ್ಲಿ ಜೋರಾಗಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಆ ಮಾತನ್ನು ಮೆಲ್ಲಗೆ ಆಡಿ ನೋಡಿದ್ದ. ಸಂಜೆ ಅವಳು ಮೀನುಪೇಟೆಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಳು. ಒಂದೇ ಒಂದು ಘಟನೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಾನೆ. ಪ್ರಯೋಗವನ್ನು ಮತ್ತೆ ಮಾಡಬೇಕು ಎನ್ನುತ್ತಾನೆ. ಅವನು ಮತ್ತೆ ಮಾಡಲಿಲ್ಲ.

ಕಾಯುವವರಿಗೆ ಬಿಳಿ ಕುರ್ಚಿಗಳಿದ್ದವು. ಹೆಂಡತಿ ಪೇಕ್ ಹೂನ್ ಕಣ್ಣಿಗೆ ತಂಪು ಕನ್ನಡಕ ಏರಿಸಿ ಮನಸ್ಸಿನಲ್ಲಿ ಆಗಲೇ ಹಡಗು ಹತ್ತಿದ್ದಳು. ಮಗಳು ಯೀ ಶೆನ್ ಫೋನಿನಲ್ಲಿ. ಆಚೆ ಕೌಂಟರಿನಲ್ಲಿ ಪರೀಕ್ಷೆ ಮುಗಿಸಿದ ಸ್ಯೂ ಯೆನ್, ಅವಳ ಗಂಡ ಕಿಯಾನ್ ಟೆಕ್ ಬಂದು ಸೇರಿಕೊಂಡರು. ಗೇಕ್ ನಿಯೋ ಮಡಿಲಲ್ಲಿದ್ದ ಡಬ್ಬಿ ತೆರೆದು ಎಲ್ಲರಿಗೂ ಕೆಂಪು ಕಡುಬು ಹಂಚಿದಳು. ಆಮೆಯ ಬೆನ್ನಿನ ಹಾಗೆ ಅಚ್ಚೊತ್ತಿದ, ಒಳಗೆ ಹೆಸರುಬೇಳೆಯ ಹೂರಣವಿದ್ದ, ಹುಟ್ಟುಹಬ್ಬದ ಕಡುಬು. ಬೆಳಗ್ಗೆ ಬೇಗ ಎದ್ದು ಅಕ್ಕನಿಗೆಂದು ಬೇಯಿಸಿದ್ದಳು.

"ನಿನ್ನ ದೊಡ್ಡಮ್ಮನಿಗೆ ಮೆತ್ತಗಿರೋದನ್ನ ಎತ್ತಿಟ್ಟಿದೀನಿ. ಅವಳಿಗೆ ಹಲ್ಲಿಲ್ಲ."

"ತಿಂತಾರೋ ಇಲ್ವೋ, ಚಿಕ್ಕಮ್ಮ. ಹಾಸಿಗೆಯಲ್ಲಿದಾರೆ."

"ನನ್ನ ಕೈಯಿಂದ ತಿನ್ನದೆ ಇರ್ತಾಳಾ? ಫೋನಲ್ಲಿ ಏನಂದಳು ಗೊತ್ತಾ? ಬೇಗ ಬಾರೇ, ನಿನ್ನ ಬೈದು ಮುಗಿಸಿ ಹೋಗ್ತೀನಿ ಅಂದಳು."

ಅವಳು ನಕ್ಕಳು. ನಗು ಕೆಮ್ಮಾಯಿತು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

ಬೆಳಗ್ಗೆ ಅಡುಗೆಮನೆಯಿಂದಲೂ ಆ ಕೆಮ್ಮು ಕೇಳಿತ್ತು. ಒಣ ಸೀಗಡಿ ಹುರಿದ ಘಾಟು ಎಂದುಕೊಂಡು ಅವನು ಗಡ್ಡ ಹೆರೆಯುವುದನ್ನು ಮುಂದುವರಿಸಿದ್ದ. ಕಡುಬಿಗೆ ಯಾರೂ ಸೀಗಡಿ ಹುರಿಯುವುದಿಲ್ಲ ಎಂಬುದು ಈಗ ಹೊಳೆಯಿತು. ಮೊನ್ನೆ ಮಾಹ್‌ಜಾಂಗ್ ಆಡಿ ಬಂದಾಗ ಗೆಳತಿಯೊಬ್ಬಳಿಗೆ ಮೈ ಸರಿಯಿಲ್ಲ ಅಂದಿದ್ದಳಲ್ಲವೇ? ಅಂದಿದ್ದಳು. ಅವನು ಹೂಂ ಅಂದಿದ್ದ.

ಅವನು ಲೆಕ್ಕ ಹಾಕತೊಡಗಿದ. ರೋಗ ಇದ್ದರೆ ಪರೀಕ್ಷೆ ಇದೆ ಎನ್ನುವ ಸಾಧ್ಯತೆ, ಇಲ್ಲದಿದ್ದರೂ ಇದೆ ಎನ್ನುವ ಸಾಧ್ಯತೆ. ಲೆಕ್ಕ ಹಾಕುವಾಗ ಅವನಿಗೆ ಯಾವಾಗಲೂ ಸಮಾಧಾನವಾಗುತ್ತಿತ್ತು. ಇವತ್ತು ಆಗಲಿಲ್ಲ. ಯಾಕೆಂದರೆ ಲೆಕ್ಕದ ಅಡಿಯಲ್ಲಿ ಇನ್ನೊಂದು ಯೋಚನೆ ಇತ್ತು: ಬಂದರೆ ಬರಲಿ, ನನಗೆ ಬರಲಿ, ಎಲ್ಲ ನಿಲ್ಲಲಿ, ಕೋಣೆ ಬಾಗಿಲು ಹಾಕಿಕೊಂಡು ಒಬ್ಬನೇ ಮಲಗಿಬಿಡುತ್ತೇನೆ. ಆ ಯೋಚನೆಯಲ್ಲಿ ಹಂಬಲವಿತ್ತು. ಅದನ್ನು ಗುರುತಿಸಿ ಅವನು ಹೆಂಡತಿಯ ಕಡೆ ನೋಡಿದ, ಅವಳಿಗೆ ಕೇಳಿಸಿತೇನೋ ಎನ್ನುವಂತೆ. ಅವಳ ಕನ್ನಡಕದಲ್ಲಿ ಎರಡು ಪುಟ್ಟ ಸೂನ್ ಹಿನ್‌ಗಳು ಕೂತಿದ್ದರು.

ನರ್ಸು ಬಂದು ಗೇಕ್ ನಿಯೋಳ ತೋಳು ಮುಟ್ಟಿದಳು.

"ಅಜ್ಜಿ, ಈ ಕಡೆ ಬನ್ನಿ. ಇನ್ನೊಂದ್ಸಲ ನೋಡಬೇಕು."

"ಇನ್ನೊಂದು ಮೂಗೇ? ಇರೋದು ಒಂದೇ ಕಣಮ್ಮ."

ಅವಳು ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟು ನರ್ಸಿನ ಹಿಂದೆ ಹೋದಳು. ಮೂಲೆಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ರೊಸ್ನಾನಿ ಎದ್ದು ಬಂದಳು.

"ಎರಡು ಸಲ ನೋಡಿದ್ವಿ ಸರ್. ಇದೆ. ಅಜ್ಜಿ ಹತ್ತೋ ಹಾಗಿಲ್ಲ. ನಿಮ್ಮ ಗುಂಪು, ಈ ಅಕ್ಕನ ಗುಂಪು, ಎಲ್ಲರದ್ದೂ ಇಲ್ಲ. ನೀವು ಹೋಗಬಹುದು."

ಸ್ಯೂ ಯೆನ್ ಮುಚ್ಚಿದ ಪರದೆಯ ಕಡೆ ತಿರುಗಿದಳು.

"ಅಜ್ಜಿನ ಮನೆಗೆ ಯಾರು ಕರ್ಕೊಂಡು ಹೋಗ್ತೀರಿ? ಹಾಗೆ ಹೋದವರ ಗುಂಪು ಇಳೀಬೇಕಾಗುತ್ತೆ. ಇಲ್ಲಾಂದ್ರೆ ನಮ್ಮ ವ್ಯಾನಿದೆ, ಜೋಪಾನವಾಗಿ ಬಿಡ್ತಾರೆ. ಮಾತಾಡ್ಕೊಂಡು ಹೇಳಿ."

ಅವಳು ಹೋದ ಮೇಲೆ ಸ್ಯೂ ಯೆನ್ ಅಣ್ಣನ ಹತ್ತಿರ ಸರಿದಳು.

"ಅಣ್ಣ, ನಮ್ಮ ಗುಂಪು ಹೇಗೆ ಹೋಗಬಹುದು? ಹೆತ್ತವರು ಮಕ್ಕಳು ಒಂದೇ ಗುಂಪು ಅಂದ್ರಲ್ಲ. ನನ್ನ ಕೌಂಟರಿನಲ್ಲಿ ಅಮ್ಮನ ವಿಷಯ ಯಾರೂ ಕೇಳಲೇ ಇಲ್ಲ. ನೀನು ಏನಂತ ಹೇಳಿದೆ?"

"ಏನೂ ಹೇಳಲಿಲ್ಲ."

"ಏನೂ ಹೇಳದೆ?"

"ಚಿಕ್ಕಮ್ಮ ಅಂತ ಕರೆದೆ. ಆ ಹುಡುಗಿ ಹಾಗೇ ಬರ್ಕೊಂಡಳು."

ಸ್ಯೂ ಯೆನ್ ಮಾಸ್ಕು ಸರಿಮಾಡಿಕೊಂಡಳು. ಆಮೇಲೆ ಬಟ್ಟೆಯಂಗಡಿಯಲ್ಲಿ ಬೆಲೆ ಒಪ್ಪಿಗೆಯಾದವಳ ದನಿಯಲ್ಲಿ ನಿಧಾನವಾಗಿ ಅಂದಳು: "ಸುಳ್ಳೇನಲ್ಲವಲ್ಲ. ನೀನು ಕರೆಯೋದೇ ಹಾಗೆ."

ಕಿಯಾನ್ ಟೆಕ್ ಸಣ್ಣಗೆ ಶಿಳ್ಳೆ ಹಾಕಿದ. "ಆ ಜೋಯಿಸ ಐವತ್ತು ವರ್ಷ ಮುಂಚೇನೇ ಹಡಗಿನ ರೂಲು ಓದಿದ್ದ ಅಂತ ಕಾಣುತ್ತೆ!"

"ಸುಮ್ನಿರ್ರೀ ನೀವು," ಸ್ಯೂ ಯೆನ್ ಗದರಿದಳು. ಆದರೆ ಮಾತು ಬಿಡಲಿಲ್ಲ. "ನೋಡಣ್ಣ, ದೊಡ್ಡಮ್ಮ ಇವತ್ತೋ ನಾಳೆಯೋ ಅಂತಿದಾಳೆ. ಅಮ್ಮನಿಂದ ಆಗ್ಲಿಲ್ಲ, ನಾವಾದ್ರೂ ಹೋಗಿ ಮುಖ ತೋರಿಸಬೇಡ್ವಾ? ಅಮ್ಮನಿಗೂ ಅದೇ ಸಮಾಧಾನ. ಕಡುಬು ಕೊಟ್ಟು ಬರೋಣ. ಪಕ್ಕದ ಮನೆ ಲಿಯೋಂಗ್ ಆಂಟಿಗೆ ಹೇಳಿದ್ರೆ ಬಾಗಿಲ ಹತ್ರ ಗಂಜಿ ಇಟ್ಟು ಹೋಗ್ತಾಳೆ. ಹೇಗೂ ಅಮ್ಮ ಕೋಣೆಯಲ್ಲಿ ಒಬ್ಬಳೇ ಇರಬೇಕು. ನಾವಿದ್ದು ಮಾಡೋದೇನು, ಬಾಗಿಲು ನೋಡ್ಕೊಂಡು ಕೂರೋದಾ?"

ಎಲ್ಲ ಮಾತೂ ಸರಿಯಾಗಿತ್ತು. ಒಂದೊಂದಾಗಿ ತೆಗೆದು ನೋಡಿದರೆ ಎಲ್ಲೂ ತಪ್ಪಿರಲಿಲ್ಲ.

"ನಿನಗೇನನ್ಸುತ್ತೆ?" ಅವನು ಹೆಂಡತಿಯನ್ನು ಕೇಳಿದ.

"ನಿಮ್ಮ ಮನೆ ವಿಷಯ. ನೀವೇ ಮಾತಾಡ್ಕೊಳ್ಳಿ."

"ನಮ್ಮ ಮನೆಯಲ್ಲಿ ನೀನಿಲ್ವಾ?"

"ನನ್ನನ್ನ ಕೇಳಿ ಆಮೇಲೆ ನನ್ನ ಮೇಲೆ ಹಾಕಬೇಡ, ಅಷ್ಟೇ." ಅವಳು ಕನ್ನಡಕ ತೆಗೆಯಲಿಲ್ಲ.

ಯೀ ಶೆನ್ ಫೋನಿನಿಂದ ಕಣ್ಣೆತ್ತದೆ ಅಂದಳು: "ಅಜ್ಜಿ ನಿನ್ನ ಅಮ್ಮ ಅಂತ ಹೇಳಿಬಿಡಪ್ಪ. ಎಲ್ಲರೂ ಮನೆಗೆ ಹೋಗೋಣ. ನನಗಂತೂ ಹಡಗು ಬೋರು."

"ದೊಡ್ಡವರ ಮಾತಲ್ಲಿ ನೀನು ಬಾಯಿ ಹಾಕಬೇಡ," ಅಂದಳು ಪೇಕ್ ಹೂನ್.

"ಸರಿ," ಅಂದಳು ಹುಡುಗಿ. ನಿಜಕ್ಕೂ ಅವಳಿಗೆ ಸರಿಯಾಗಿತ್ತು.

ಹೇಳಿಬಿಡು. ಏನು ಕಷ್ಟ? ರೊಸ್ನಾನಿಯ ಮೇಜು ಅಲ್ಲೇ ಇದೆ. ಹೋಗಿ ನಿಲ್ಲಬೇಕು. ನೋಡಮ್ಮ, ಆಕೆ ನನ್ನ... ಸೂನ್ ಹಿನ್ ಮಾಸ್ಕಿನೊಳಗೆ ತುಟಿ ಕೂಡಿಸಿದ. ಎಷ್ಟು ಚಿಕ್ಕ ಮಾತು. ಹಾಲು ಕುಡಿಯುವ ಮಗುವೂ ಆಡುತ್ತದೆ. ಮೀನುಪೇಟೆಯ ನೆಲ ಕಣ್ಣಿಗೆ ಬಂತು, ಒದ್ದೆ ನೆಲ, ಅವಳ ಊದಿದ ಕೈ. ಇವತ್ತು ಅವಳ ಎದೆಯಲ್ಲಿ ರೋಗವಿದೆ. ಇವತ್ತೇ ಆ ಮಾತು ಆಡಬೇಕೇ? ಅವನು ನಂಬುವುದಿಲ್ಲ, ಖಂಡಿತ ನಂಬುವುದಿಲ್ಲ. ಆದರೆ ಅವಳು ನಂಬುತ್ತಾಳಲ್ಲ, ಅವಳಿಗೆ ಭಯವಾದರೆ? ಭಯದಿಂದಲೂ ಜನ ಸಾಯುತ್ತಾರೆ.

ಹೀಗೆ ಯೋಚಿಸಿದ ಮೇಲೆ ಅವನಿಗೆ ಹಗುರವಾಯಿತು. ಆ ಹಗುರವೇ ಹೇಸಿಗೆಯೆನಿಸಿತು. ಜೀವಮಾನವೆಲ್ಲ ಮೂಢನಂಬಿಕೆ ಎಂದು ನಕ್ಕದ್ದರ ಹಿಂದೆ ಹೋಗಿ ಅವಿತುಕೊಳ್ಳಲು ಇಷ್ಟು ಒಳ್ಳೆಯ ಜಾಗವಿತ್ತೇ?

"ಸರ್, ಒಂದು ನಿಮಿಷ." ರೊಸ್ನಾನಿ ಪರದೆಯ ಹತ್ತಿರದಿಂದ ಕರೆದಳು.

ಪರದೆಯ ಆಚೆ ಗೇಕ್ ನಿಯೋ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. ಪ್ಲಾಸ್ಟಿಕ್ಕು ಹಳೆಯದು, ಮಡಿಕೆ ಬಿದ್ದಿತ್ತು. ಅವಳ ಮುಖ ಒಂದು ಕಡೆ ಅಗಲವಾಗಿ, ಒಂದು ಕಡೆ ಸಣ್ಣಗೆ ಕಾಣುತ್ತಿತ್ತು. ಎರಡು ಮಾಸ್ಕು ಹಾಕಿಸಿದ್ದರು.

"ಅಜ್ಜಿಗೆ ಎಲ್ಲ ಹೇಳಿದೀನಿ ಸರ್. ಸ್ವಂತದವರಾಗಿದ್ರೆ ಎಲ್ಲರೂ ಇಳೀಬೇಕಿತ್ತು, ಚಿಕ್ಕಮ್ಮ ಆಗಿದ್ದು ಒಳ್ಳೇದಾಯ್ತು ಅಂದೆ. ಆದ್ರೆ ವಯಸ್ಸಾದವರು ನೋಡಿ, ವ್ಯಾನಲ್ಲಿ ಒಬ್ಬರನ್ನೇ ಕಳಿಸೋಕೆ ಹತ್ತಿರದವರು ಹೂಂ ಅನ್ನಬೇಕು. ಹೆತ್ತ ಮಕ್ಕಳು ಯಾರಾದ್ರೂ ಊರಲ್ಲಿದಾರಾ?"

ಅವನನ್ನೇ ಕೇಳಿದ್ದು. ಅವನು ಉಸಿರು ಎಳೆದುಕೊಂಡ.

"ಯಾರೂ ಇಲ್ಲಮ್ಮ," ಪರದೆಯ ಆಚೆಯಿಂದ ದನಿ ಬಂತು. "ಇವನು ನಮ್ಮಕ್ಕನ ಮಗ. ಪುಕೆಟ್‌ನಲ್ಲಿದಾಳೆ ನಮ್ಮಕ್ಕ. ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಆಯ್ತು, ಮಗನ ದಾರಿ ನೋಡ್ತಾ ಜೀವ ಹಿಡ್ಕೊಂಡಿದಾಳೆ."

ಅವಳು ತಡವರಿಸಲಿಲ್ಲ. ನೆರೆಮನೆಯ ಸುದ್ದಿ ಹೇಳುವ ಹಾಗೆ, ಕೈ ಆಡಿಸುತ್ತ, ಹುರುಪಿನಿಂದ ಹೇಳುತ್ತಿದ್ದಳು.

"ಚಿಕ್ಕೋನಿದ್ದಾಗ ನನ್ನ ಹತ್ರ ಬಿಟ್ಟಿದ್ದಳು. ಜ್ವರ ಬಂದ್ರೆ ರಾತ್ರಿಯೆಲ್ಲ ಕಾಲಿನ ಮೇಲೆ ಹಾಕ್ಕೊಂಡು ಕೂರ್ತಿದ್ದೆ. ಹೆತ್ತೋಳು ಅವಳು, ಹಾಗಂತ ನನಗೇನು ಕಡಿಮೆ ಪ್ರೀತಿನಾ? ಒಳ್ಳೇ ಹುಡುಗ. ಒಂದು ದಿನ ನನಗೆ ಎದುರು ಮಾತಾಡಿಲ್ಲ. ಅವನನ್ನ ತಡೀಬೇಡ ತಾಯಿ, ಹೋಗಲಿ."

"ಅಯ್ಯೋ, ತಡೆಯೋದಿಲ್ಲ ಅಜ್ಜಿ," ರೊಸ್ನಾನಿಯ ಕಣ್ಣು ಒದ್ದೆಯಾಗಿತ್ತು.

"ಮನೆಯಲ್ಲಿ ಯಾರಿದಾರೆ ಅಂತ ಕೇಳಿದ್ಯಲ್ಲ, ಯಾರೂ ಇಲ್ಲ. ಇವತ್ತಂತೂ ಯಾರೂ ಇಲ್ಲ. ರೋಗ ಹತ್ತೋಕೂ ಒಬ್ಬರಿಲ್ಲ, ನೀನು ಹೆದರಬೇಡ." ಆಮೇಲೆ ಮುದುಕಿ ಅವನ ಕಡೆ ತಿರುಗಿದಳು. ಪ್ಲಾಸ್ಟಿಕ್ಕಿನ ಮಡಿಕೆಯೊಳಗೆ ಅವಳ ಕಣ್ಣು ಎಲ್ಲಿದೆ ಎಂದು ಅವನಿಗೆ ಸಿಗಲಿಲ್ಲ. "ಹೋಗು, ಹಿನ್. ಹೋಗಿ ನಿನ್ನ ಅಮ್ಮನ್ನ ನೋಡ್ಕೊಂಡು ಬಾ."

ಆ ಮಾತನ್ನು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ನಿನ್ನ ಅಮ್ಮ. ಎಷ್ಟು ಸಲೀಸಾಗಿ ಆಡಿದಳು, ಬೇರೊಬ್ಬಳ ಮೇಲೆ ಹಾಕಿ.

"ಅ..." ಅಂದ ಅವನು.

ಪರದೆಯ ಆಚೆ ಅವಳ ಎರಡು ಕೈಗಳೂ ಮೇಲೆದ್ದು ಕಿವಿ ಮುಚ್ಚಿಕೊಂಡವು.

"ಏನೋ ಹೇಳೋಕೆ ಬಂದ್ರಿ ಸರ್?"

"ಅ... ಅದೇ. ಬಿ.ಪಿ. ಮಾತ್ರೆ. ಹೊತ್ತಿಗೆ ಸರಿಯಾಗಿ ತಗೊಳ್ಳಿ ಅಂತ."

ತಗೊಳ್ಳಿ. ಅವನ ಬಾಯಿ ತಾನಾಗಿಯೇ ಬಹುವಚನಕ್ಕೆ ಇಳಿದಿತ್ತು, ಗುರುತಿಲ್ಲದವರೊಡನೆ ಆಡುವ ಹಾಗೆ.

ಅವಳು ಕೈ ಇಳಿಸಿದಳು. "ಆಗಲಪ್ಪ," ಅಂದಳು, ಅಷ್ಟೇ ಮರ್ಯಾದೆಯಿಂದ.

"ಹಾಗಾದ್ರೆ ಕಳಿಸೋಣವಾ ಸರ್?"

ಅವನು ಹೂಂ ಅಂದನೋ, ತಲೆಯಾಡಿಸಿದನೋ, ಸುಮ್ಮನೆ ನಿಂತಿದ್ದನೋ. ರೊಸ್ನಾನಿ ಮಾತ್ರ ಆಗಲೇ ವ್ಯಾನಿನವನನ್ನು ಕೂಗುತ್ತಿದ್ದಳು.

ಹೊರಗೆ ಬಿಸಿಲು ಬಿಳಿಯಾಗಿ ಬಿದ್ದಿತ್ತು. ಹಡಗಿನ ಸಾಲು ತಗಡಿನ ಚಾವಣಿಯ ಕೆಳಗೆ ಉದ್ದಕ್ಕೆ ಹಬ್ಬಿತ್ತು. ಎಲ್ಲರ ಮುಖಕ್ಕೂ ಅದೇ ಮಾಸ್ಕು, ಕೊರಳಲ್ಲಿ ಅದೇ ಚೀಟಿ. ಸ್ಯೂ ಯೆನ್ ಮುಂದೆ ಹೋಗಿ ಜಾಗ ಹಿಡಿದಿದ್ದಳು. "ಅಮ್ಮ ಏನಂದಳು?" ಎಂದು ಕೇಳಿದಳು. ಅವನು "ಹೋಗಿ ಬಾ ಅಂದಳು" ಅಂದ. "ನಾನು ಹೇಳ್ಲಿಲ್ವಾ?" ಅಂದಳು ಸ್ಯೂ ಯೆನ್, ಮೂಗು ಒರೆಸಿಕೊಂಡು. ಕಿಯಾನ್ ಟೆಕ್ ಹಡಗಿನ ಮಹಡಿಗಳನ್ನು ಬೆರಳಿನಿಂದ ಎಣಿಸುತ್ತಿದ್ದ. ಸೂನ್ ಹಿನ್‌ನ ಒಂದು ಕೈಯಲ್ಲಿ ಅವನ ಪೆಟ್ಟಿಗೆ, ಇನ್ನೊಂದರಲ್ಲಿ ಗೇಕ್ ನಿಯೋಳ ಪೆಟ್ಟಿಗೆ. ಅದನ್ನು ಯಾರಿಗೆ ಕೊಡಬೇಕೆಂದು ಯಾರೂ ಹೇಳಿರಲಿಲ್ಲ.

ಈಗಲೂ ಆಗುತ್ತದೆ. ಸಾಲು ಬಿಟ್ಟು ಈಚೆ ಬರುವುದು, ಅಷ್ಟೇ. ಹಗ್ಗವನ್ನು ಎತ್ತಿ ತಲೆ ತಗ್ಗಿಸಿದರೆ ಸಾಕು.

ಗೋದಾಮಿನ ಹಿಂದಿನಿಂದ ವ್ಯಾನು ಬಂತು. ಹಗ್ಗದ ಪಕ್ಕದಲ್ಲೇ, ಜನರಿಗೆ ತಾಗದ ಹಾಗೆ, ನಿಧಾನವಾಗಿ. ಹಿಂದಿನ ಕಿಟಕಿಯ ಗಾಜಿಗೆ ಒಂದು ಪುಟ್ಟ ಮುಖ ಅಂಟಿಕೊಂಡಿತ್ತು. ಮಾಸ್ಕಿನ ಉಸಿರಿಗೆ ಅವಳ ಕನ್ನಡಕ ಮಸುಕಾಗಿತ್ತು. ಅವಳು ಸಾಲನ್ನು ಹುಡುಕಿದಳು, ಮೊದಲಿಂದ ಕೊನೆಯವರೆಗೆ. ಆಮೇಲೆ ಕೈ ಎತ್ತಿ ಬೀಸಿದಳು.

ಅವನಿಗಿಂತ ಮುಂದೆ ನಿಂತಿದ್ದ ಒಬ್ಬ ಎತ್ತರದ ಗಂಡಸು, ಯಾರೋ ಏನೋ, ದಾಕ್ಷಿಣ್ಯಕ್ಕೆ ಕೈ ಎತ್ತಿದ. ಗೇಕ್ ನಿಯೋಳ ಮುಖ ಅಲ್ಲಿ ನಿಂತಿತು. ಅವಳು ಆ ಗಂಡಸಿಗೇ ಕೈ ಬೀಸಿದಳು, ತಲೆಯಾಡಿಸಿದಳು, ಗಾಜಿನ ಹಿಂದೆ ಅವನಿಗೆ ಏನೇನೋ ಹೇಳಿದಳು. ಅವನ ಪಕ್ಕದ ಹೆಂಗಸೂ ಕೈ ಎತ್ತಿದಳು. ಆಮೇಲೆ ಹಿಂದಿನವರು. ಹಡಗು ಬಿಡುವಾಗ ದಡದವರಿಗೆ ಬೀಸುವ ಹಾಗೆ, ಸಾಲಿಗೆ ಸಾಲೇ ಬೀಸತೊಡಗಿತು.

ಸೂನ್ ಹಿನ್ ಎರಡೂ ಪೆಟ್ಟಿಗೆಗಳನ್ನು ಕೆಳಗಿಡಲು ಬಗ್ಗಿದ. "ಮುಂದೆ ನಡೀರಿ ಸರ್," ಅಂದರು ಹಿಂದಿನಿಂದ.

ಎತ್ತರದ ಗಂಡಸು ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಕೈ ಎತ್ತಿಯೇ ಇದ್ದ. ಆಮೇಲೆ ಅದನ್ನು ಇಳಿಸಿ, ಜೇಬಿನಿಂದ ಸಣ್ಣ ಬಾಟಲಿ ತೆಗೆದು, ಬೆರಳು ಬೆರಳಿನ ಸಂದಿಗೂ ಬಿಡದೆ ಸ್ಯಾನಿಟೈಸರ್ ಹಚ್ಚಿಕೊಂಡ.